ನಾಣ್ಯದ ಎರಡೂ ಮುಖ ಕಾಣಬೇಕು

ನಾಣ್ಯ ಸಂಗ್ರಹಕ್ಕೆ ಹೊಸದಾಗಿ ಕೈಹಾಕಿದವರು ಮೊದಲು ನಾಣ್ಯ ಕೊಳ್ಳುತ್ತಾರೆ, ಎಲ್ಲಿಡಬೇಕೆಂದು ಆಮೇಲೆ ಯೋಚಿಸುತ್ತಾರೆ. ಹಾಗಾಗಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಆಲ್ಬಮ್ಮೋ, ನಡುಮನೆಯ ಗೋಡೆಗೆ ತೂಗುಹಾಕುವ ಗಾಜಿನ ಫ್ರೇಮೋ ಅವುಗಳ ಪಾಲಿಗೆ ಬರುತ್ತದೆ. ಆದರೆ ಎಲ್ಲಿಡುತ್ತೇವೆ ಎಂಬುದರ ಮೇಲೇ ನಾಣ್ಯವನ್ನು ಹೇಗೆ ನೋಡುತ್ತೇವೆ ಎಂಬುದೂ ನಿಂತಿದೆ. ಟಿಪ್ಪು ಸುಲ್ತಾನನ ತಾಮ್ರದ ಪೈಸೆಯನ್ನೇ ತೆಗೆದುಕೊಳ್ಳಿ. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಅಂಟಿಸಿ ಫ್ರೇಮು ಹಾಕಿದರೆ ಆನೆಯೇನೋ ಕಾಣುತ್ತದೆ. ಅದು ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದೋ ನಗರ ಎಂಬ ಊರಿನಲ್ಲೋ ಎಂದು ಹೇಳಬೇಕಾದ ಮುಖ ಗೋಡೆಯ ಕಡೆ ತಿರುಗಿಬಿಡುತ್ತದೆ. ಅಚ್ಚು ತುಸು ಪಕ್ಕಕ್ಕೆ ಸರಿದು ಬಿದ್ದಿರುವುದು, ಅಂಚು ಒಂದೆಡೆ ದಪ್ಪ ಇನ್ನೊಂದೆಡೆ ತೆಳುವಾಗಿರುವುದು, 20 ಗ್ರಾಂ ಮೀರುವ ಜೋಡಿ ಪೈಸೆಯ ಭಾರ ಅಂಗೈಗೆ ತಿಳಿಯುವುದು, ಸುತ್ತಿಗೆಯಲ್ಲಿ ಹೊಡೆದು ಮಾಡಿದ ನಾಣ್ಯದ ಸೊಗಸೆಲ್ಲ ಇರುವುದೇ ಇಂಥವುಗಳಲ್ಲಿ. ನಾಣ್ಯದ ಖಾಯಂ ವಾಸ ಕತ್ತಲಿರುವ, ತೇವವಿಲ್ಲದ, ಆಳ ಕಡಿಮೆಯ ಟ್ರೇಯಲ್ಲಿರಬೇಕು, ನೋಡುವುದು ಮೇಜಿನ ಮೇಲೆ, ಕೈಗೆತ್ತಿಕೊಂಡು ಆಗಬೇಕು ಎಂದು ನಾನು ವಾದಿಸುವುದು ಇದಕ್ಕಾಗಿಯೇ.

ಟ್ರೇ ಯಾವುದರದ್ದಾಗಿರಬೇಕು ಎಂಬುದನ್ನು ನಾಣ್ಯದ ಲೋಹ ನೋಡಿ ನಿರ್ಧರಿಸಬೇಕು. ಮರದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಹಾಸು ಎಂದರೆ ಯಾರಿಗೂ ಘನವಾಗಿಯೇ ಕಾಣುತ್ತದೆ. ಆದರೆ ಮರ, ಅದರಲ್ಲೂ ಹೊಸ ಪ್ಲೈವುಡ್ ಮತ್ತು ಎಂಡಿಎಫ್, ಸಾವಯವ ಆಮ್ಲಗಳ ಆವಿ ಬಿಡುತ್ತಿರುತ್ತದೆ. ಚಿನ್ನಕ್ಕೆ ಅದರಿಂದ ಏನೂ ಆಗದು. ಸೀಸಕ್ಕೆ ಅದು ವಿಷ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಂಥ ಶಾತವಾಹನರ ಕಾಲದ ಸೀಸದ ನಾಣ್ಯ ಮಣ್ಣಿನಡಿ ಶತಮಾನಗಟ್ಟಲೆ ಉಳಿದುಬಂದದ್ದು. ಅದೇ ನಾಣ್ಯ ಮುಚ್ಚಿದ ಮರದ ಡ್ರಾಯರಿನಲ್ಲಿ ಕೆಲವೇ ವರ್ಷಗಳಲ್ಲಿ ಬಿಳಿ ಪುಡಿಯಾಗಿ ಉದುರತೊಡಗಬಹುದು. ಬೆಳ್ಳಿಗೆ ಗಂಧಕ ಆಗದು, ಆದ್ದರಿಂದ ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ಅಗ್ಗದ ರಟ್ಟು ಹತ್ತಿರ ಸುಳಿಯಬಾರದು. ತಾಮ್ರಕ್ಕೆ ಉಪ್ಪು ಆಗದು, ಅದು ಬೆರಳ ಬೆವರಿನದಾದರೂ ಸರಿ, ಕಡಲ ಗಾಳಿಯದಾದರೂ ಸರಿ. ಮಂಗಳೂರು, ಕಾರವಾರದ ಸಂಗ್ರಾಹಕರು ಬಳ್ಳಾರಿಯವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಇನ್ನು ಮೆತ್ತನೆಯ ಆಲ್ಬಮ್ ಹಾಳೆಗಳಲ್ಲಿ ಬಹಳಷ್ಟು ಪಿವಿಸಿಯವು. ಅದನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ ಒಸರುತ್ತದೆ, ಪ್ಲಾಸ್ಟಿಕ್ಕೇ ಹಾಳಾಗುತ್ತ ಆಮ್ಲ ಬಿಡುತ್ತದೆ. ತಾಮ್ರದ ಮೇಲೆ ಅಂಟಂಟಾದ ಹಸಿರು ಲೇಪ ಕಂಡರೆ ಇದನ್ನೇ ಮೊದಲು ಶಂಕಿಸಬೇಕು. ಹೊಸ ರೇನ್‌ಕೋಟಿನಂತೆ ವಾಸನೆ ಬರುವ ಹಾಳೆಯನ್ನು ಕೊಳ್ಳಲೇಬೇಡಿ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನದು ಕೇಳಿ. ಅಕ್ರಿಲಿಕ್ ಟ್ರೇ ನೋಡಲು ಸಾದಾ, ಆದರೆ ನಂಬಿಕಸ್ಥ.

ತಿಕ್ಕಿ ಬೆಳಗಿಟ್ಟರೆ ಇನ್ನೂ ಚೆನ್ನಾಗಿ ಕಾಣುವುದಿಲ್ಲವೇ ಎನ್ನುವವರಿದ್ದಾರೆ. ಹಬ್ಬ ಬಂತೆಂದರೆ ಹುಣಸೆಹಣ್ಣು ಹಚ್ಚಿ ತಾಮ್ರದ ಚೊಂಬು ಬೆಳಗುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಸಹಜ. ಚೊಂಬಿನಲ್ಲಿ ಓದುವಂಥದ್ದೇನೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ 20 ಕಾಸಿನ ಮೇಲಾದರೆ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವಿದೆ, ಪರ್ಷಿಯನ್ ಇದೆ, ಇಂಗ್ಲಿಷೂ ಇದೆ. ದೀಪವನ್ನು ಪಕ್ಕದಿಂದ ತಗ್ಗಿಸಿ ಹಿಡಿದಾಗ ಕಂದು ಪದರದ ಮೇಲೆ ಆ ಸವೆದ ಅಕ್ಷರಗಳು ಒಂದೊಂದಾಗಿ ಎದ್ದು ಬರುತ್ತವೆ. ಹುಳಿ ಆ ಪದರವನ್ನೂ ತಿನ್ನುತ್ತದೆ, ಅಕ್ಷರದ ಅಂಚನ್ನೂ ತಿನ್ನುತ್ತದೆ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಮನೆಗೆ ಬಂದವರ ಕಣ್ಣಿಗೆ ಬೀಳದ ಸಂಗ್ರಹ ಯಾರಿಗಾಗಿ? ನೋಡಬೇಕೆಂಬ, ತೋರಿಸಬೇಕೆಂಬ ಆಸೆ ಖಂಡಿತ ನ್ಯಾಯವಾದದ್ದು. ಆದರೆ ಅದಕ್ಕೆ ನಾಣ್ಯವೇ ಗೋಡೆಯೇರಬೇಕಾಗಿಲ್ಲ. ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣ ಬೇಳೆಕಾಳಿನಷ್ಟೇ ಇರುವ ಚಿನ್ನ. ಅದರ ಮೇಲಿನ ನರಸಿಂಹ ಫ್ರೇಮಿನೊಳಗೆ ಬರಿ ಚುಕ್ಕೆ. ಎರಡೂ ಮುಖದ ಫೋಟೊ ತೆಗೆದು, ಅಂಗೈಯಗಲಕ್ಕೆ ಹಿಗ್ಗಿಸಿ ಅಕ್ಕಪಕ್ಕ ತೂಗುಹಾಕಿ: ಬಂದವರು ನಿಂತು ನೋಡುತ್ತಾರೆ, ಆಸಕ್ತಿ ಹುಟ್ಟಿದವರಿಗೆ ಟ್ರೇ ತೆರೆಯಬಹುದು. ಇಂಥ ಪುಟ್ಟ ಹಣವನ್ನು ಮಾತ್ರ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿಡುವುದನ್ನು ನಾನೂ ಒಪ್ಪುತ್ತೇನೆ. ಬೆರಳಿಂದ ಜಾರಿದರೆ ಹುಡುಕುವುದು ಕಷ್ಟ. ಪ್ರಮಾಣಪತ್ರದೊಡನೆ ಸೀಲು ಮಾಡಿದ ಡಬ್ಬಿ ಕೊಳ್ಳುವಾಗ ನಂಬಿಕೆ ಕೊಡುತ್ತದೆ, ನಿಜ. ಆದರೆ ಅದರೊಳಗಿನ ನಾಣ್ಯವನ್ನು ತೂಗಲಾಗದು, ಅಂಚನ್ನು ಪೂರ್ತಿಯಾಗಿ ಪರೀಕ್ಷಿಸಲಾಗದು. ತಾಮ್ರದ ದೊಡ್ಡ ನಾಣ್ಯಗಳನ್ನು ಹಾಗೆ ಬಂಧಿಸಲು ನನಗೆ ಮನಸ್ಸೊಪ್ಪದು.

ಪ್ರತಿ ನಾಣ್ಯದಡಿ ಆಮ್ಲರಹಿತ ಕಾಗದದ ಚೀಟಿಯೊಂದಿರಲಿ: ತೂಕ, ವ್ಯಾಸ, ಎಲ್ಲಿಂದ ಬಂತು, ಯಾವಾಗ ಬಂತು. ಸಿಲಿಕಾ ಜೆಲ್ ಪೊಟ್ಟಣವನ್ನು ಮಳೆಗಾಲಕ್ಕೆ ಮುಂಚೆ ಬದಲಿಸಿ. ಮಳೆ ನಿಂತ ಮೇಲೆ ಎಲ್ಲ ನಾಣ್ಯಗಳನ್ನೂ ಅಂಚಿನಲ್ಲಿ ಹಿಡಿದು ತಿರುಗಿಸಿ ನೋಡಿ. ತಾಮ್ರದ ಮೇಲೆ ಎಲ್ಲಾದರೂ ತಿಳಿಹಸಿರು ಪುಡಿ ಕಂಡರೆ ಆ ನಾಣ್ಯವನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಜೊತೆಗಿಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಿ; ಅಲ್ಲಿಯವರೆಗೆ ಉಜ್ಜಬೇಡಿ, ತೊಳೆಯಬೇಡಿ.