ವೈದ್ಯರ ಸಂಶೋಧನಾಶಿಕ್ಷಣವೂ ಬ್ರಾಡ್‌ಫರ್ಡ್ ಹಿಲ್ಲರ ಗ್ರಂಥವೂ

ಚಿಕಿತ್ಸೆಯ ವಿದ್ಯೆಯನ್ನು ಕಲಿತ ವೈದ್ಯನಿಗೆ ಚಿಕಿತ್ಸೆಯನ್ನು ಪರೀಕ್ಷಿಸುವ ವಿದ್ಯೆಯೂ ಬೇಕೆಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ದೇಶದಲ್ಲಿ ಎಂ.ಡಿ., ಎಂ.ಎಸ್. ಪದವಿಗಳಿಗಾಗಿ ಓದುವ ವಿದ್ಯಾರ್ಥಿಯು ಸಂಶೋಧನೆ ನಡೆಸಿ ಪ್ರಬಂಧವೊಂದನ್ನು ಒಪ್ಪಿಸಬೇಕೆಂಬ ನಿಯಮವು ಬಹುಕಾಲದಿಂದ ಇದೆ. 2023ರ ನಿಯಮಾವಳಿಯು ಸಂಶೋಧನಾಕ್ರಮದ ಪಾಠವನ್ನೂ ಕಡ್ಡಾಯವಾಗಿ ವಿಧಿಸಿದೆ. ಆದರೆ ಈ ವಿದ್ಯೆಯನ್ನು ವೈದ್ಯನಿಗೆ ಯಾವ ಬಗೆಯಲ್ಲಿ ಕಲಿಸಬೇಕು, ನಿಯಮವಾಗಿಯೋ ಅಥವಾ ನಿಯಮದ ಕಾರಣವಾಗಿಯೋ, ಎಂಬ ಪ್ರಶ್ನೆಯು ಇನ್ನೂ ಇತ್ಯರ್ಥವಾದಂತೆ ತೋರುವುದಿಲ್ಲ. ಇದನ್ನು ವಿಚಾರಿಸುವುದಕ್ಕೆ ಈ ಶಿಕ್ಷಣದ ಮೂಲಗ್ರಂಥವೆನ್ನಬಹುದಾದ ಒಂದು ಪುಸ್ತಕವನ್ನು, ಎಂದರೆ ಬ್ರಾಡ್‌ಫರ್ಡ್ ಹಿಲ್ಲರ ‘ವೈದ್ಯಕೀಯ ಸಂಖ್ಯಾಶಾಸ್ತ್ರದ ತತ್ತ್ವಗಳು’ ಎಂಬ ಇಂಗ್ಲಿಷ್ ಗ್ರಂಥವನ್ನು, ಇಲ್ಲಿ ತೆಗೆದುಕೊಂಡಿದ್ದೇವೆ.

ಗ್ರಂಥಕರ್ತರು (1897–1991) ವೈದ್ಯರಲ್ಲ. ವೈದ್ಯರಾಗಬೇಕೆಂದಿದ್ದವರು ಮೊದಲನೆಯ ಮಹಾಯುದ್ಧದಲ್ಲಿ ವಿಮಾನದಳವನ್ನು ಸೇರಿ, ಕ್ಷಯರೋಗಕ್ಕೆ ತುತ್ತಾಗಿ ಬಹುಕಾಲ ಹಾಸಿಗೆ ಹಿಡಿದು, ಆ ಮೇಲೆ ಅಂಚೆಯ ಮೂಲಕ ಓದಿ ಲಂಡನ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪದವಿಯನ್ನು ಪಡೆದರು. ಮುಂದೆ ಅವರ ಕೀರ್ತಿಯು ಅದೇ ಕ್ಷಯದ ಔಷಧದ ಪರೀಕ್ಷೆಯಿಂದ ಬಲವಾಗಿ ನಿಂತದ್ದು ಕಾಕತಾಳೀಯವೇ ಇರಬಹುದು. ಆದರೂ ಇವರ ಬರಹದಲ್ಲಿ ರೋಗಿಯನ್ನು ಬರಿಯ ಅಂಕೆಯೆಂದು ಕಾಣುವ ದೋಷವಿಲ್ಲದಿರುವುದನ್ನು ನೋಡಿದರೆ ಆ ಹಾಸಿಗೆಯ ವರ್ಷಗಳ ನೆನಪಾಗದೆ ಇರದು. ಪುಸ್ತಕವು ಮೊದಲು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಬಂದು, 1937ರಲ್ಲಿ ಗ್ರಂಥರೂಪವನ್ನು ತಾಳಿತು. ಗಣಿತಕ್ಕೆ ಅಂಜುವ ವೈದ್ಯನನ್ನು ಕೈಹಿಡಿದು ನಡೆಸುವ ಶೈಲಿ. ಸೂತ್ರಗಳು ಕಡಮೆ, ಉದಾಹರಣೆಗಳು ಹೆಚ್ಚು. ಅಂಕೆಗಳಿಂದ ತಪ್ಪು ನಿರ್ಣಯಕ್ಕೆ ಬೀಳುವ ಬಗೆಗಳನ್ನು ವಿವರಿಸುವ ಅಧ್ಯಾಯಗಳು ಇಂದಿಗೂ ಹಳತಾಗಿಲ್ಲ. ಲೆಕ್ಕಿಗನನ್ನು ಪ್ರಯೋಗವು ಮುಗಿದ ಮೇಲೆ ಕರೆಯದೆ, ಆರಂಭಕ್ಕೆ ಮೊದಲೇ ಕರೆಯಬೇಕೆಂಬ ಬುದ್ಧಿಯನ್ನು ವೈದ್ಯವರ್ಗಕ್ಕೆ ಕಲಿಸಿದವರಲ್ಲಿ ಹಿಲ್ಲರು ಅಗ್ರಗಣ್ಯರು.

ಇಷ್ಟು ಗುಣವಿರುವ ಗ್ರಂಥದ ಮೊದಲ ಮುದ್ರಣದಲ್ಲಿ ಒಂದು ದೊಡ್ಡ ಕೊರತೆಯಿದೆ. ಎರಡು ಚಿಕಿತ್ಸೆಗಳನ್ನು ಹೋಲಿಸಬೇಕಾದರೆ ರೋಗಿಗಳನ್ನು ಎರಡು ಗುಂಪುಗಳಾಗಿ ಹೇಗೆ ಹಂಚಬೇಕು? ಬಂದವರನ್ನು ಒಬ್ಬರಾದ ಮೇಲೊಬ್ಬರಂತೆ ಸರದಿಯ ಮೇಲೆ ಹಂಚಿದರೆ ಸಾಕೆಂಬುದು ಅಲ್ಲಿಯ ಉಪದೇಶ. ಯದೃಚ್ಛೆಯಿಂದ ಹಂಚಬೇಕೆಂಬ ತತ್ತ್ವವು ಆಗ ಅಜ್ಞಾತವಾಗಿರಲಿಲ್ಲ. ಹೊಲಗಳ ಪ್ರಯೋಗಗಳಿಗಾಗಿ ಫಿಷರರು ಅದನ್ನು ಪ್ರತಿಪಾದಿಸಿದ್ದರು, ಅವರ ‘ಪ್ರಯೋಗಗಳ ಯೋಜನೆ’ಯು 1935ರಲ್ಲಿಯೇ ಪ್ರಕಟವಾಗಿತ್ತು. ಹಿಲ್ಲರು ಇದನ್ನು ಅರಿಯದೆ ಬಿಟ್ಟವರಲ್ಲ. 1990ರಲ್ಲಿ ಬರೆದ ನೆನಪುಗಳಲ್ಲಿ ಅವರೇ ಇದನ್ನು ಒಪ್ಪಿಕೊಂಡಿದ್ದಾರೆ: ಯಾದೃಚ್ಛಿಕ ಸಂಖ್ಯೆಗಳ ಮಾತೆತ್ತಿದರೆ ವೈದ್ಯರು ಹೆದರಿ ಹಿಂದೆಗೆದಾರೆಂದು, ಅವರನ್ನು ಹೋಲಿಕೆಯ ಪ್ರಯೋಗಕ್ಕೆ ಹೇಗಾದರೂ ಒಲಿಸಿಕೊಳ್ಳಬೇಕೆಂದು, ಆ ಪದಗಳನ್ನು ಬೇಕೆಂದೇ ಬಿಟ್ಟರಂತೆ.

ಉಪಾಧ್ಯಾಯನಿಗೆ ಇಂಥ ಜಾಣತನವು ಕ್ಷಮ್ಯವೆಂದು ಕೆಲವರು ಹೇಳುವರು. ನಮಗೆ ಹಾಗೆ ತೋರುವುದಿಲ್ಲ. ಸರದಿಯ ಹಂಚಿಕೆಯಲ್ಲಿ ಮುಂದಿನ ರೋಗಿ ಯಾವ ಗುಂಪಿಗೆ ಸೇರುವನೆಂಬುದು ವೈದ್ಯನಿಗೆ ಮೊದಲೇ ತಿಳಿದಿರುತ್ತದೆ. ಮುಂದಿನದು ಹೊಸ ಔಷಧದ ಸರದಿ. ಬಾಗಿಲಲ್ಲಿ ನಿಂತಿರುವವನು ಬದುಕುವ ಆಸೆಯಿಲ್ಲದಷ್ಟು ಬಳಲಿದ್ದಾನೆ. ಇವನು ಪ್ರಯೋಗಕ್ಕೆ ತಕ್ಕವನಲ್ಲವೆಂದು ವೈದ್ಯನ ಮನಸ್ಸು ತಾನಾಗಿಯೇ ನಿರ್ಣಯಿಸುತ್ತದೆ. ಅಥವಾ ಕರುಣೆ ಹೆಚ್ಚಾಗಿ, ಹೇಗಾದರೂ ಔಷಧ ದೊರೆಯಲೆಂದು ಅವನನ್ನು ಮುಂದಕ್ಕೆ ತಳ್ಳುತ್ತದೆ. ಎರಡರಲ್ಲಿಯೂ ವಂಚನೆಯಿಲ್ಲ, ಎರಡರಿಂದಲೂ ಹೋಲಿಕೆ ಕೆಡುತ್ತದೆ. ವೈದ್ಯನು ಕಲಿಯಬೇಕಾದದ್ದು ತನ್ನ ಸದುದ್ದೇಶವನ್ನೇ ಸಂಶಯದಿಂದ ನೋಡುವ ಈ ಅಭ್ಯಾಸವನ್ನು. ಹಿಲ್ಲರು ಸೌಜನ್ಯಕ್ಕಾಗಿ ಮರೆಮಾಡಿದ್ದು ಇದನ್ನೇ.

ಪುಸ್ತಕದಲ್ಲಿ ಮರೆಮಾಡಿದ್ದನ್ನು ಅವರು ಕಾರ್ಯದಲ್ಲಿ ಹೊರಗೆಡಹಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ನಡೆಸಿ 1948ರಲ್ಲಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿಯನ್ನು ನೋಡಿರಿ. ಔಷಧವು ಆಗ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಆಯ್ದ ಕ್ಷಯರೋಗಿಗಳು 107 ಮಂದಿ. 55 ಮಂದಿಗೆ ಔಷಧ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ರೋಗಿಯು ತಕ್ಕವನೆಂದು ಒಪ್ಪಿಕೊಂಡ ಮೇಲೆಯೇ ಮೊಹರು ಮಾಡಿದ ಲಕೋಟೆಯನ್ನು ಒಡೆದು ಅವನು ಯಾವ ಗುಂಪೆಂಬುದನ್ನು ತಿಳಿಯುತ್ತಿದ್ದರು. ಎಕ್ಸ್‌ರೇ ಚಿತ್ರಗಳನ್ನು ಓದಿದ ಮೂವರಿಗೂ ಯಾವ ಚಿತ್ರ ಯಾವ ಗುಂಪಿನದೆಂದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿಯೂ ಎರಡನೆಯದರಲ್ಲಿ 14 ಮಂದಿಯೂ ಮೃತರಾದರು. ಹನ್ನೊಂದು ವರ್ಷಗಳ ಹಿಂದಿನ ಪುಸ್ತಕದ ಸರದಿಗೂ ಈ ಲಕೋಟೆಗೂ ಇರುವ ಅಂತರವನ್ನು ಅರಿತವನು ಸಂಶೋಧನಾಕ್ರಮದ ಅರ್ಧವನ್ನು ಕಲಿತಂತೆಯೇ.

ಈಗ ನಮ್ಮ ವಿದ್ಯಾರ್ಥಿಗಳ ಕಡೆಗೆ ತಿರುಗೋಣ. ಹಿಲ್ಲರು ಹೆಸರಿಸದೆ ಬಿಟ್ಟ ಪದವು ಇಂದು ಎಲ್ಲರ ಬಾಯಲ್ಲಿಯೂ ಇದೆ. ಬಿಟ್ಟುಹೋಗಿರುವುದು ಅದರ ಕಾರಣ. ನಮ್ಮ ಕಣ್ಣಿಗೆ ಬಿದ್ದ ಪ್ರಬಂಧವೊಂದರಲ್ಲಿ ರೋಗಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಲಾಯಿತೆಂಬ ವಾಕ್ಯವಿತ್ತು. ವಿಚಾರಿಸಲಾಗಿ, ಸೋಮವಾರ ಬಂದವರು ಒಂದು ಗುಂಪು, ಮಂಗಳವಾರ ಬಂದವರು ಇನ್ನೊಂದು ಎಂದು ಉತ್ತರ ಬಂತು! ಬರೆದವನು ಸುಳ್ಳುಗಾರನಲ್ಲ, ಶ್ರದ್ಧಾವಂತನೇ. ಆ ಶಬ್ದವನ್ನು ಹಿಂದಿನ ವರ್ಷದ ಪ್ರಬಂಧದಿಂದ ತೆಗೆದುಕೊಂಡಿದ್ದನು, ಅಷ್ಟೆ. ಹಗಲಿರುಳು ವಾರ್ಡಿನಲ್ಲಿ ದುಡಿಯುವ ಎಳೆಯ ವೈದ್ಯನೊಬ್ಬನು, ಗಡುವಿನೊಳಗೆ, ಒಬ್ಬನೇ, ತನ್ನ ಆಸ್ಪತ್ರೆಗೆ ಬಂದಷ್ಟೇ ರೋಗಿಗಳಿಂದ ಹೊಸ ಜ್ಞಾನವನ್ನು ಉತ್ಪಾದಿಸಬೇಕೆಂಬ ವಿಧಿಯಿಂದ ಇನ್ನೇನು ಹುಟ್ಟೀತು? ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1994ರಲ್ಲಿ ಡಗ್ಲಾಸ್ ಆಲ್ಟ್‌ಮನ್ನರು, ಸಂಶೋಧನೆಯು ಕಡಮೆಯಾಗಲಿ, ಉತ್ತಮವಾಗಲಿ, ಸರಿಯಾದ ಕಾರಣಕ್ಕಾಗಿ ನಡೆಯಲಿ ಎಂದು ವಾದಿಸಿದ್ದು ಇಂಥ ದುಃಸ್ಥಿತಿಯನ್ನು ಕಂಡೇ.

ಉತ್ತಮ ಮಾದರಿಯನ್ನು ಹುಡುಕುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯಚಿಕಿತ್ಸಾ ಕೇಂದ್ರದವರು, ಬಡ ರೋಗಿಗಳನ್ನು ಯದೃಚ್ಛೆಯಿಂದ ಹಂಚಿ, ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಇಕ್ಕಟ್ಟಾದ ಅವರ ಮನೆಗಳಲ್ಲಿಯೂ ಒಂದೇ ಔಷಧಗಳನ್ನು ಒಂದು ವರ್ಷ ಕೊಟ್ಟರು. ಧಾಮದವರಿಗೆ ಒಳ್ಳೆಯ ಊಟ, ವಿಶ್ರಾಂತಿ. ಮನೆಯವರಿಗೆ ಎರಡೂ ಇಲ್ಲ. ಆದರೂ 1959ರ ವರದಿಯ ಪ್ರಕಾರ ಮನೆಯ ಚಿಕಿತ್ಸೆಯ ಫಲವು ಧಾಮದ ಫಲಕ್ಕೆ ಸಮೀಪವಾಗಿಯೇ ಇತ್ತು. ಹಾಸಿಗೆಗಳಿಲ್ಲದ ದೇಶಕ್ಕೆ ಇದರಿಂದ ಆದ ಉಪಕಾರವು ಸಾಮಾನ್ಯವಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ಸಂಶೋಧನೆಯೂ ಕ್ಷಯ ನಿಯಂತ್ರಣದ ಕೆಲಸಗಾರರ ಶಿಕ್ಷಣವೂ ಒಂದೇ ಸೂರಿನ ಕೆಳಗೆ ನಡೆದುವು. ಹತ್ತು ಮಂದಿ ವಿದ್ಯಾರ್ಥಿಗಳು ಹತ್ತು ದುರ್ಬಲ ಪ್ರಬಂಧಗಳನ್ನು ಬರೆಯುವ ಬದಲು, ಹಲವು ಆಸ್ಪತ್ರೆಗಳು ಕೂಡಿ ನಡೆಸುವ ಒಂದು ಪರೀಕ್ಷೆಯಲ್ಲಿ ಒಬ್ಬೊಬ್ಬರು ಒಂದೊಂದು ಭಾಗವನ್ನು ಹೊತ್ತು, ಅದರ ಬಗೆಗೆ ಉತ್ತರ ಹೇಳಬಲ್ಲವರಾದರೆ, ವಿಶ್ವವಿದ್ಯಾನಿಲಯಗಳು ಅದನ್ನು ಪ್ರಬಂಧವೆಂದು ಅಂಗೀಕರಿಸಲು ಅಡ್ಡಿಯೇನೆಂಬುದು ನಮಗೆ ತಿಳಿಯದು.

ಹಿಲ್ಲರ ಗ್ರಂಥವನ್ನು ಈಗಲೂ ಪಾಠಕ್ಕೆ ಇಡಬಹುದೆ? ಇಡಬಹುದು; ಆದರೆ ಒಂಟಿಯಾಗಿ ಅಲ್ಲ. ಪರಿಷ್ಕೃತವಾದ ಹನ್ನೆರಡನೆಯ ಆವೃತ್ತಿಯು 1991ರಲ್ಲಿ ಬಂದಿದೆ. ಆದರೂ 1937ರ ಮುದ್ರಣದ ಆ ಭಾಗವನ್ನೂ 1948ರ ವರದಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟು, ಎರಡರ ನಡುವಣ ವ್ಯತ್ಯಾಸವೇನೆಂದು ವಿದ್ಯಾರ್ಥಿಯನ್ನೇ ಕೇಳುವುದು ಲೇಸು. ವರದಿಯಲ್ಲಿ ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬೀಳಬೇಕು. ಬರಿಯ ವಿಶ್ರಾಂತಿಯ ಗುಂಪಿನವರಿಗೆ, ತಾವು ಇಂಥದೊಂದು ಪರೀಕ್ಷೆಯಲ್ಲಿ ಸೇರಿದ್ದೇವೆಂಬುದನ್ನು ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ತಿಳಿಸಿರಲಿಲ್ಲ. ಇಂದು ರೋಗಿಯ ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆಯನ್ನು ಆರಂಭಿಸುವಂತಿಲ್ಲ. ಆ 52 ಮಂದಿಗೆ ಏನೆಂದು ಹೇಳಿ ಒಪ್ಪಿಗೆಯನ್ನು ಕೇಳಬೇಕಾಗಿತ್ತೆಂಬುದನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ, ತನ್ನ ವಾರ್ಡಿನ ರೋಗಿಗೆ ತಿಳಿಯುವ ಕನ್ನಡದಲ್ಲಿ, ಬರೆದು ತರಲಿ.