ಸತ್ಯಾನ್ವೇಷಣೆಯೂ ಅಭಿಯೋಜಕನ ಸ್ಥಾನವೂ: ಮಳಿಮಠ ಸಮಿತಿಯ ವರದಿಯ ಒಂದು ವಿಮರ್ಶೆ

ಅಪರಾಧ ನ್ಯಾಯದ ಸುಧಾರಣೆಯನ್ನು ಕುರಿತು ನಮ್ಮ ದೇಶದ ಆಯೋಗಗಳೂ ಸಮಿತಿಗಳೂ ಬರೆದಿರುವ ವರದಿಗಳನ್ನು ಒಂದೆಡೆ ಕೂಡಿಸಿದರೆ ಅದೇ ಒಂದು ಸಣ್ಣ ಗ್ರಂಥಭಂಡಾರವಾದೀತು. ಅವುಗಳಲ್ಲಿ ಬಹುಪಾಲು ಸರ್ಕಾರದ ಕಪಾಟುಗಳಲ್ಲಿಯೇ ಉಳಿದಿವೆ. ಕೆಲವು ಮಾತ್ರ ಶಾಸನದ ರೂಪವನ್ನು ತಾಳಿವೆ. ಈ ಎರಡು ಗತಿಗಳನ್ನೂ ಏಕಕಾಲದಲ್ಲಿ ಕಂಡ ವರದಿಯೊಂದುಂಟು. ಕೇಂದ್ರ ಗೃಹ ಸಚಿವಾಲಯವು 2000ದ ನವೆಂಬರ್ ತಿಂಗಳಿನಲ್ಲಿ ನೇಮಿಸಿದ ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣಾ ಸಮಿತಿಯು 2003ರಲ್ಲಿ ಸಲ್ಲಿಸಿದ ವರದಿಯೇ ಅದು. ಅದರ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ವಿ. ಎಸ್. ಮಳಿಮಠರು ಕನ್ನಡ ನಾಡಿನವರು. ಕರ್ನಾಟಕ ಹಾಗೂ ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಾಧೀಶರಾಗಿದ್ದವರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದಲ್ಲಿಯೂ ಸದಸ್ಯರಾಗಿ ಸೇವೆ ಸಲ್ಲಿಸಿದವರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಮೂರು ಹೊಸ ಸಂಹಿತೆಗಳು 2024ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಈ ವರದಿಯ ಹೆಸರು ಮತ್ತೆ ಚರ್ಚೆಯಲ್ಲಿ ಕೇಳಿಬರುತ್ತಿದೆ. ಆದುದರಿಂದ ಅದರ ಮೂಲ ವಾದವನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಅನುಚಿತವಾಗಲಾರದು.

ವರದಿಯಲ್ಲಿ 158 ಶಿಫಾರಸುಗಳಿವೆ. ಅವೆಲ್ಲವನ್ನೂ ಪೋಣಿಸುವ ಸೂತ್ರ ಒಂದೇ: ಸತ್ಯಾನ್ವೇಷಣೆಯೇ ನ್ಯಾಯವ್ಯವಸ್ಥೆಯ ಬುನಾದಿಯಾಗಬೇಕು. ಇಂಗ್ಲೆಂಡಿನಿಂದ ನಾವು ಪಡೆದ ವಾದ-ಪ್ರತಿವಾದದ ಪದ್ಧತಿಯಲ್ಲಿ ನ್ಯಾಯಾಧೀಶನು ಇಬ್ಬರ ಕದನವನ್ನು ನೋಡುತ್ತ ಕುಳಿತ ಮಧ್ಯಸ್ಥನಾಗಿಬಿಡುತ್ತಾನೆ; ಸತ್ಯವನ್ನು ಹುಡುಕುವ ಹೊಣೆ ಯಾರದೂ ಅಲ್ಲವೆಂಬಂತಾಗುತ್ತದೆ; ಅಪರಾಧಿಗಳು ಖುಲಾಸೆಗೊಳ್ಳುತ್ತಾರೆ; ನೊಂದವರು ಮೂಲೆಗುಂಪಾಗುತ್ತಾರೆ. ಇದು ಸಮಿತಿಯ ನಿದಾನ. ಇದಕ್ಕೆ ಪರಿಹಾರವಾಗಿ, ಫ್ರಾನ್ಸ್, ಜರ್ಮನಿ ಮೊದಲಾದ ದೇಶಗಳಲ್ಲಿ ನ್ಯಾಯಾಲಯವೇ ಮುಂದಾಗಿ ಸತ್ಯವನ್ನು ಶೋಧಿಸುವ ಪದ್ಧತಿಯಿಂದ ಕೆಲವು ಒಳ್ಳೆಯ ಅಂಶಗಳನ್ನು ಎರವಲು ಪಡೆಯಬೇಕೆಂದು ಅದು ಸೂಚಿಸುತ್ತದೆ.

ಮೊದಲಿಗೆ ಈ ವರದಿಯ ಹಿರಿಮೆಯನ್ನು ಒಪ್ಪಿಕೊಳ್ಳಬೇಕು. ಅಪರಾಧಕ್ಕೆ ತುತ್ತಾದ ವ್ಯಕ್ತಿಯು ನಮ್ಮ ಪ್ರಕ್ರಿಯಾ ಶಾಸನದಲ್ಲಿ ಬಹುಕಾಲ ಕೇವಲ ಒಬ್ಬ ಸಾಕ್ಷಿಯಾಗಿದ್ದನು. ಆತನಿಗೆ ವಿಚಾರಣೆಯಲ್ಲಿ ಪಾಲ್ಗೊಳ್ಳುವ ಹಕ್ಕು, ಪರಿಹಾರಧನ, ಮೇಲ್ಮನವಿಯ ಅವಕಾಶ ಇವು ದೊರೆಯಬೇಕೆಂದು ಸಮಿತಿಯು ವಾದಿಸಿತು. 2008ರ ತಿದ್ದುಪಡಿಯಲ್ಲಿ ಪರಿಹಾರ ಯೋಜನೆಯೂ ಮೇಲ್ಮನವಿಯ ಹಕ್ಕೂ ಸೇರಿದವು. ಅವು 2009ರ ಡಿಸೆಂಬರ್ ಕೊನೆಯಲ್ಲಿ ಜಾರಿಗೆ ಬಂದವು. ಸರ್ಕಾರವು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವಾಗ ನೊಂದವರ ಮಾತನ್ನು ಕೇಳಲೇಬೇಕೆಂದು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೆಯ ಪ್ರಕರಣವು ವಿಧಿಸಿರುವುದೂ ಇದೇ ದಿಕ್ಕಿನ ಹೆಜ್ಜೆ. ತನಿಖೆಗೆ ನಿಯುಕ್ತರಾದ ಪೊಲೀಸರನ್ನು ಶಾಂತಿಪಾಲನೆಯ ಪೊಲೀಸರಿಂದ ಪ್ರತ್ಯೇಕಿಸಬೇಕು, ಸಾಕ್ಷಿಗಳಿಗೆ ರಕ್ಷಣೆ ಬೇಕು ಎಂಬ ಸಲಹೆಗಳೂ ವಿವೇಕಯುತವಾದವು.

ಆದರೆ ವರದಿಯ ಮುಖ್ಯ ವಾದದಲ್ಲಿ ಒಂದು ದೋಷವಿದೆಯೆಂಬುದು ಈ ಲೇಖಕನ ಅಭಿಪ್ರಾಯ. ಸತ್ಯವು ನ್ಯಾಯಾಲಯದಲ್ಲಿ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಸಮಿತಿಯು ಉತ್ತರವನ್ನು ಹುಡುಕಿದುದು ಬಹುಮಟ್ಟಿಗೆ ವಿಚಾರಣೆಯ ನಿಯಮಗಳಲ್ಲಿ. ಅದರ ಮೂರು ದಿಟ್ಟ ಶಿಫಾರಸುಗಳು ಇದನ್ನು ತೋರಿಸುತ್ತವೆ. ಒಂದನೆಯದು, ಸಂಶಯಾತೀತ ರುಜುವಾತು ಬೇಕೆಂಬ ನಿಯಮವನ್ನು ಸಡಿಲಿಸಿ, ಅದಕ್ಕಿಂತ ಕೆಳಗಿನ ಮಟ್ಟದ ರುಜುವಾತಿನಿಂದಲೇ ಅಪರಾಧವನ್ನು ನಿರ್ಣಯಿಸಬಹುದೆಂದು ಹೇಳುವುದು. ಎರಡನೆಯದು, ನ್ಯಾಯಾಲಯದ ಪ್ರಶ್ನೆಗೆ ಆಪಾದಿತನು ಮೌನವಾಗಿದ್ದರೆ ಆ ಮೌನದಿಂದ ಪ್ರತಿಕೂಲವಾದ ಊಹೆಯನ್ನು ಮಾಡಲು ಅವಕಾಶ ಕೊಡುವುದು. ಮೂರನೆಯದು, ಸೂಪರಿಂಟೆಂಡೆಂಟ್ ದರ್ಜೆಯ ಪೊಲೀಸ್ ಅಧಿಕಾರಿಯು ದಾಖಲಿಸಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಅಂಗೀಕರಿಸುವುದು. ಈ ಮೂರರ ಪರಿಣಾಮವೂ ಒಂದೇ. ಸತ್ಯವನ್ನು ಹುಡುಕುವ ಸಾಮರ್ಥ್ಯ ಹೆಚ್ಚಲಿಲ್ಲ. ಸತ್ಯವೆಂದು ಒಪ್ಪಿಕೊಳ್ಳುವ ಅಳತೆಗೋಲು ಮಾತ್ರ ಮೊಟಕಾಯಿತು.

ತಪ್ಪೊಪ್ಪಿಗೆಯ ಶಿಫಾರಸಿಗೆ ಇತಿಹಾಸದ ಉತ್ತರವೊಂದಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂಬ ನಿಯಮವನ್ನು ಉದಾರವಾದಿಗಳ ಭಾವುಕತೆಯೆಂದು ತಿಳಿಯುವುದು ಸರಿಯಲ್ಲ. 1855ರಲ್ಲಿ ಮದರಾಸು ಪ್ರಾಂತದ ಚಿತ್ರಹಿಂಸೆಯ ಬಗ್ಗೆ ವಿಚಾರಿಸಿದ ಆಯೋಗವು, ಕಂದಾಯವನ್ನು ವಸೂಲು ಮಾಡಲೂ ತಪ್ಪೊಪ್ಪಿಗೆಯನ್ನು ಪಡೆಯಲೂ ಕೆಳಗಿನ ನೌಕರರು ಹಿಂಸೆಯನ್ನು ಬಳಸುತ್ತಿದ್ದುದು ನಿಜವೆಂದು ಕಂಡುಕೊಂಡಿತು. ಇಂದು ಕರ್ನಾಟಕಕ್ಕೆ ಸೇರಿದ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿದ್ದವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ನಿಷೇಧವು ಸ್ಥಾನ ಪಡೆಯಿತು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಪ್ರಕರಣದಲ್ಲಿ ನೆಲೆನಿಂತಿತು. ತಮ್ಮ ಪೊಲೀಸರು ಪಡೆದ ತಪ್ಪೊಪ್ಪಿಗೆಯನ್ನು ಆಳುವವರೇ ನಂಬದಿದ್ದ ನಿಯಮವಿದು. ಅನಂತರ 1987ರ ಟಾಡಾ ಮತ್ತು 2002ರ ಪೋಟಾ ಶಾಸನಗಳು ಇದಕ್ಕೆ ವಿನಾಯಿತಿಯನ್ನು ಸೃಷ್ಟಿಸಿದವು. ಸಮಿತಿಯು ಅನುಸರಿಸಿದುದು ಈ ಎರಡನೆಯ ಶಾಸನದ ಮಾದರಿಯನ್ನು. ಟಾಡಾ 1995ರಲ್ಲಿ ಕೊನೆಗೊಂಡಿತು, ಪೋಟಾ 2004ರಲ್ಲಿ ರದ್ದಾಯಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು ತನ್ನ 23ನೆಯ ಪ್ರಕರಣದಲ್ಲಿ ಹಳೆಯ ನಿಯಮವನ್ನೇ ಉಳಿಸಿಕೊಂಡಿದೆ. ಮೇಲೆ ಹೇಳಿದ ಮೂರು ಶಿಫಾರಸುಗಳಲ್ಲಿ ಒಂದೂ ಸಾಮಾನ್ಯ ಕಾನೂನಿನಲ್ಲಿ ಸ್ಥಾನ ಪಡೆಯಲಿಲ್ಲವೆಂಬುದು ಗಮನಾರ್ಹ.

ಹಾಗಾದರೆ ಸತ್ಯವು ಸೋಲುವುದೆಲ್ಲಿ? ಹಳ್ಳಿಯೊಂದರ ಕೊಲೆಯ ಮೊಕದ್ದಮೆಯನ್ನು ಊಹಿಸಿಕೊಳ್ಳೋಣ. ಕೃತ್ಯಕ್ಕೆ ಬಳಸಿದ ಕುಡುಗೋಲನ್ನು ವಶಪಡಿಸಿಕೊಂಡಾಗ ಮಹಜರಿಗೆ ಸಹಿ ಹಾಕಿದ ಪಂಚರು ಆ ಸ್ಥಳಕ್ಕೇ ಹೋಗಿರಲಿಲ್ಲ. ಮುದ್ದೆಮಾಲಿಗೆ ಮೊಹರು ಮಾಡಿದುದು ಮೂರು ದಿನಗಳ ಮೇಲೆ. ಕಣ್ಣಾರೆ ಕಂಡ ಹೆಂಗಸಿನ ಹೇಳಿಕೆಯನ್ನು ಬರೆದುಕೊಂಡುದು ಎರಡು ವಾರ ಕಳೆದ ಬಳಿಕ. ಸರ್ಕಾರದ ಅಭಿಯೋಜಕನು ಈ ಕಾಗದಗಳನ್ನು ಮೊದಲ ಬಾರಿಗೆ ನೋಡುವುದು ದೋಷಾರೋಪಣ ಪಟ್ಟಿ ನ್ಯಾಯಾಲಯವನ್ನು ಸೇರಿದ ಮೇಲೆ. ಆ ವೇಳೆಗೆ ನ್ಯೂನತೆಗಳನ್ನು ಸರಿಪಡಿಸುವ ಕಾಲ ಮೀರಿರುತ್ತದೆ. ಖುಲಾಸೆಯಾಯಿತೆಂದರೆ ಅದಕ್ಕೆ ಸಂಶಯಾತೀತ ರುಜುವಾತಿನ ನಿಯಮವನ್ನು ದೂರುವುದು ನ್ಯಾಯವೆ? ಮೊದಲ ವಾರದಲ್ಲಿಯೇ ಕಾನೂನು ಬಲ್ಲವನೊಬ್ಬನು ಕಾಗದಗಳನ್ನು ನೋಡಿದ್ದರೆ, ತಪ್ಪಿತಸ್ಥನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಥವಾ ಪೊಲೀಸರು ಹಿಡಿದವನು ತಪ್ಪಿತಸ್ಥನೇ ಅಲ್ಲದಿದ್ದರೆ, ಅವನು ವಿಚಾರಣಾಧೀನನಾಗಿ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆಯುತ್ತಿರಲಿಲ್ಲ.

ಸಮಿತಿಯು ಮೆಚ್ಚಿದ ಯುರೋಪಿನ ದೇಶಗಳಲ್ಲಿ ಈ ಕಾನೂನು ಬಲ್ಲವನಿಗೆ ನಿಶ್ಚಿತವಾದ ಸ್ಥಾನವಿದೆ. ಫ್ರಾನ್ಸಿನಲ್ಲಿ 1808ರ ಸಂಹಿತೆಯ ಕಾಲದಿಂದಲೂ ಗುರುತರ ಅಪರಾಧಗಳ ತನಿಖೆಯು ಒಬ್ಬ ನ್ಯಾಯಾಧೀಶನ ಕೈಯಲ್ಲಿರುತ್ತದೆ. ಉಳಿದ ತನಿಖೆಗಳಲ್ಲಿ ಪೊಲೀಸರಿಗೆ ನಿರ್ದೇಶನ ಕೊಡುವವನು ಅಭಿಯೋಜಕ. ಜರ್ಮನಿಯಲ್ಲಿ ತನಿಖಾ ನ್ಯಾಯಾಧೀಶನ ಪದವಿಯು 1975ರಲ್ಲಿ ರದ್ದಾದ ಮೇಲೆ ತನಿಖೆಯ ಹೊಣೆಯನ್ನು ಹೊತ್ತವನು ಅಭಿಯೋಜಕನೇ. ಆಪಾದಿತನಿಗೆ ಅನುಕೂಲವಾದ ಸಂಗತಿಗಳನ್ನೂ ಅವನು ಶೋಧಿಸಬೇಕೆಂಬುದು ಅಲ್ಲಿನ ಕಾನೂನು. ಅಂದಮೇಲೆ ಅಲ್ಲಿ ಸತ್ಯಾನ್ವೇಷಣೆಯು ಪೀಠಿಕೆಯ ಘೋಷಣೆಯಾಗಿ ಉಳಿದಿಲ್ಲ. ಅದಕ್ಕೆ ಒಂದು ಸಂಸ್ಥೆಯ ಆಧಾರವಿದೆ. ಮಳಿಮಠ ಸಮಿತಿಯು ಧ್ಯೇಯವನ್ನು ಎರವಲು ತಂದಿತು. ಆ ಧ್ಯೇಯವನ್ನು ಹೊತ್ತ ಸಂಸ್ಥೆಯನ್ನು ಅಲ್ಲಿಯೇ ಬಿಟ್ಟಿತು.

ನಮ್ಮಲ್ಲಿ ಅಭಿಯೋಜಕನ ಚರಿತ್ರೆ ಬೇರೆಯೇ ಆದುದು. 1898ರ ಸಂಹಿತೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳನ್ನು ಹೆಚ್ಚಾಗಿ ಪೊಲೀಸ್ ಅಧಿಕಾರಿಗಳೇ ನಡೆಸುತ್ತಿದ್ದರು. ಆ ಅಪರಾಧದ ತನಿಖೆಯಲ್ಲಿ ಪಾಲ್ಗೊಂಡವನು ಮಾತ್ರ ಅದನ್ನು ನಡೆಸಕೂಡದೆಂಬ ಕಟ್ಟಳೆಯಿತ್ತು. ಎಂ. ಸಿ. ಸೆತಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ಅಭಿಯೋಜನೆಯನ್ನು ಪೊಲೀಸ್ ಇಲಾಖೆಯಿಂದ ಸಂಪೂರ್ಣವಾಗಿ ಬೇರ್ಪಡಿಸಿ, ಜಿಲ್ಲೆಗೊಬ್ಬ ನಿರ್ದೇಶಕನ ಅಧೀನದಲ್ಲಿಡಬೇಕೆಂದು ಸೂಚಿಸಿತು. 1973ರ ಸಂಹಿತೆಯು ಪೊಲೀಸ್ ಅಧಿಕಾರಿಯು ಸಹಾಯಕ ಅಭಿಯೋಜಕನಾಗಿ ನೇಮಕಗೊಳ್ಳಲು ಅರ್ಹನಲ್ಲವೆಂದು ವಿಧಿಸಿತು. ಆದರೂ ಹಲವೆಡೆ ಅಭಿಯೋಜಕರು ಪೊಲೀಸ್ ಇಲಾಖೆಯ ಹತೋಟಿಯಲ್ಲಿಯೇ ಉಳಿದರು. ಮಹಾರಾಷ್ಟ್ರದಿಂದ ಬಂದ ಶಹಾಣೆ ಮೊಕದ್ದಮೆಯಲ್ಲಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅವರನ್ನು ಆ ಹತೋಟಿಯಿಂದ ಬಿಡಿಸಿ ಪ್ರತ್ಯೇಕ ವರ್ಗವನ್ನಾಗಿ ಮಾಡಬೇಕೆಂದು ಆಜ್ಞಾಪಿಸಬೇಕಾಯಿತು.

ಹೀಗೆ 45 ವರ್ಷಗಳ ಪ್ರಯತ್ನದಿಂದ ಒಂದು ತತ್ತ್ವವು ಬೇರೂರುತ್ತಿದ್ದಾಗ ಮಳಿಮಠ ಸಮಿತಿಯು ಏನು ಹೇಳಿತು? ಪ್ರತಿಯೊಂದು ರಾಜ್ಯದಲ್ಲಿಯೂ ಅಭಿಯೋಜನಾ ನಿರ್ದೇಶಕನ ಪದವಿ ಇರಬೇಕು. ಅಡ್ವೊಕೇಟ್ ಜನರಲ್‌ರೊಡನೆ ಸಮಾಲೋಚಿಸಿ, ಪೊಲೀಸ್ ಮಹಾನಿರ್ದೇಶಕ ದರ್ಜೆಯ ಅಧಿಕಾರಿಯನ್ನು ಅದಕ್ಕೆ ನೇಮಿಸಬೇಕು ಎಂದಿತು. ವರದಿಯ ಉಳಿದ ಭಾಗಕ್ಕೆ ಇದಕ್ಕಿಂತ ವಿರುದ್ಧವಾದ ಶಿಫಾರಸು ಮತ್ತೊಂದಿಲ್ಲ. ತನಿಖೆಯ ಫಲವನ್ನು ನಿಷ್ಪಕ್ಷಪಾತವಾಗಿ ತೂಗಬೇಕಾದವನನ್ನು ತನಿಖೆ ನಡೆಸಿದವರ ಹಿರಿಯ ಸಹೋದ್ಯೋಗಿಯ ಕೈಕೆಳಗೆ ಇಟ್ಟರೆ ತೂಗುವುದೆಂತು?

ಸಮಿತಿಯ ಪರವಾಗಿ ಹೇಳಬಹುದಾದ ಮಾತೂ ಇದೆ. ಬೇರ್ಪಡೆಯಾದ ಮೇಲೆ ಪೊಲೀಸರಿಗೂ ಅಭಿಯೋಜಕರಿಗೂ ಮಾತುಕತೆಯೇ ಇಲ್ಲದಂತಾಯಿತು, ತಪ್ಪುಗಳನ್ನು ತಿದ್ದುವವರು ಇಲ್ಲವಾದರು ಎಂಬ ಅದರ ದೂರು ಸುಳ್ಳಲ್ಲ. ತನಿಖಾಧಿಕಾರಿಯು ಅಭಿಯೋಜಕನ ಅಭಿಪ್ರಾಯದಂತೆ ವರದಿ ಸಲ್ಲಿಸಬೇಕೆಂದು ನ್ಯಾಯಾಲಯವು ನಿರ್ದೇಶಿಸಲಾಗದು, ತನಿಖೆಯ ಹಂತದಲ್ಲಿ ಅಭಿಯೋಜಕನಿಗೆ ಪಾತ್ರವಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಸರಳಾ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಕಂದಕವಿದ್ದುದು ನಿಜ. ಆದರೆ ಅದಕ್ಕೆ ಸೇತುವೆ ಕಟ್ಟುವುದು ಒಂದು ಕೆಲಸ. ಒಂದು ದಡವನ್ನು ಇನ್ನೊಂದಕ್ಕೆ ಅಧೀನಪಡಿಸುವುದು ಬೇರೆಯೇ ಕೆಲಸ. ಸಲಹೆ ಕೊಡುವವನು ಸ್ವತಂತ್ರನಾಗಿದ್ದರೆ ಮಾತ್ರ ಅವನ ಸಲಹೆಗೆ ಬೆಲೆ. ನಮಗೆ ಈ ಪದ್ಧತಿಯನ್ನು ಕೊಟ್ಟ ಇಂಗ್ಲೆಂಡೂ ಇದೇ ಪಾಠವನ್ನು ತಡವಾಗಿ ಕಲಿಯಿತು. ಅಲ್ಲಿ ಬಹುಪಾಲು ಮೊಕದ್ದಮೆಗಳನ್ನು ಪೊಲೀಸರೇ ಹೂಡಿ ನಡೆಸುತ್ತಿದ್ದರು. 1985ರ ಶಾಸನದ ಮೇರೆಗೆ 1986ರಲ್ಲಿ ಸ್ವತಂತ್ರವಾದ ಕ್ರೌನ್ ಅಭಿಯೋಜನಾ ಸೇವೆ ಸ್ಥಾಪಿತವಾಯಿತು. 2003ರ ಶಾಸನವು ಗಂಭೀರ ಅಪರಾಧಗಳಲ್ಲಿ ಆರೋಪ ಹೊರಿಸುವ ನಿರ್ಧಾರವನ್ನೇ ಅಭಿಯೋಜಕರಿಗೆ ವಹಿಸಿತು. ನಮ್ಮ ಸಮಿತಿಯು ವರದಿ ಒಪ್ಪಿಸಿದ ವರ್ಷವೂ ಅದೇ.

ಸಂಸತ್ತು ಈ ವಿಷಯದಲ್ಲಿ ಸಮಿತಿಯ ದಾರಿಯನ್ನು ಹಿಡಿಯಲಿಲ್ಲ. 2005ರ ತಿದ್ದುಪಡಿಯು ಹತ್ತು ವರ್ಷ ವಕೀಲಿ ಮಾಡಿದವರೇ ನಿರ್ದೇಶಕರಾಗಬೇಕೆಂದೂ ಆ ನೇಮಕಕ್ಕೆ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರ ಸಮ್ಮತಿ ಬೇಕೆಂದೂ ವಿಧಿಸಿತು. 2023ರ ನಾಗರಿಕ ಸುರಕ್ಷಾ ಸಂಹಿತೆಯ 20ನೆಯ ಪ್ರಕರಣವು ವಕೀಲಿಯ ಅವಧಿಯನ್ನು ಹದಿನೈದು ವರ್ಷಗಳಿಗೆ ಏರಿಸಿದೆ. ಸೆಷನ್ಸ್ ನ್ಯಾಯಾಧೀಶರಿಗೂ ಬಾಗಿಲು ತೆರೆದಿದೆ. ಜಿಲ್ಲಾ ನಿರ್ದೇಶನಾಲಯಗಳಿಗೆ ಅವಕಾಶ ಕಲ್ಪಿಸಿದೆ. ಏಳು ವರ್ಷಕ್ಕೆ ಕಡಿಮೆಯಿಲ್ಲದ, ಹತ್ತು ವರ್ಷಕ್ಕೆ ಕಡಿಮೆಯಾದ ಶಿಕ್ಷೆಯ ಮೊಕದ್ದಮೆಗಳಲ್ಲಿ ಪೊಲೀಸ್ ವರದಿಯನ್ನು ಪರಿಶೀಲಿಸುವ ಕರ್ತವ್ಯವನ್ನು ಉಪನಿರ್ದೇಶಕರಿಗೆ ಒಪ್ಪಿಸಿದೆ. 1958ರ ಸಲಹೆಗೆ ಇದು ಸ್ವಾಗತಾರ್ಹವಾದ ಮನ್ನಣೆ. ಆದರೆ ಮುಖ್ಯ ನ್ಯಾಯಾಧೀಶರ ಸಮ್ಮತಿಯ ಮಾತು ಹೊಸ ಪ್ರಕರಣದಲ್ಲಿಲ್ಲ. ನಿರ್ದೇಶನಾಲಯವನ್ನು ರಾಜ್ಯವು ಸ್ಥಾಪಿಸಬಹುದೆಂದಿದೆಯೇ ಹೊರತು ಸ್ಥಾಪಿಸತಕ್ಕದ್ದೆಂದಿಲ್ಲ. ನಿರ್ದೇಶಕನು 2005ರಲ್ಲಿದ್ದಂತೆಯೇ ಗೃಹ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದಾನೆ; ಪೊಲೀಸರನ್ನು ಆಳುವುದೂ ಅದೇ ಇಲಾಖೆ. ಎರಡು ದಡಗಳೂ ಒಬ್ಬನೇ ಒಡೆಯನವಾಗಿವೆ.

ಈ ಪರಿಶೀಲನೆಯಿಂದ ಹೊರಡುವ ತೀರ್ಮಾನವನ್ನು ಸಂಕ್ಷೇಪವಾಗಿ ಹೇಳಬಹುದು. ಮಳಿಮಠ ಸಮಿತಿಯು ಸತ್ಯವನ್ನು ನ್ಯಾಯಾಲಯದ ಮುಂದಿಟ್ಟ ಪ್ರಶ್ನೆ ಸರಿಯಾದುದೇ. ಅದು ನೊಂದವರ ಪರವಾಗಿ ಎತ್ತಿದ ದನಿ ಚಿರಸ್ಮರಣೀಯವಾದುದು. ಆದರೆ ಆಪಾದಿತನ ರಕ್ಷಣೆಗಳನ್ನು ತೆಳುವಾಗಿಸಿದರೆ ಸತ್ಯ ಕೈಗೆ ಸಿಗುವುದೆಂಬ ಅದರ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ. ಅಪರಾಧಗಳ ಹೆಸರು, ಪ್ರಕರಣಗಳ ಸಂಖ್ಯೆ, ಶಿಕ್ಷೆಗಳ ಪ್ರಮಾಣ ಇವುಗಳನ್ನು ಬದಲಾಯಿಸುವುದು ಸುಲಭ. ‘ಈ ಮೊಕದ್ದಮೆಗೆ ಆಧಾರ ಸಾಲದು’ ಎಂದು ಪೊಲೀಸರಿಗೆ ನಿರ್ಭಯವಾಗಿ ಹೇಳಬಲ್ಲ, ‘ಈ ಮೊಕದ್ದಮೆಯನ್ನು ಹಿಂತೆಗೆಯಲಾರೆ’ ಎಂದು ಸರ್ಕಾರಕ್ಕೆ ಅಷ್ಟೇ ನಿರ್ಭಯವಾಗಿ ಹೇಳಬಲ್ಲ ಒಬ್ಬ ಅಧಿಕಾರಿಯನ್ನು ರೂಪಿಸುವುದು ಕಷ್ಟ. ನಮ್ಮ ಅಪರಾಧ ನ್ಯಾಯದ ಸುಧಾರಣೆಯನ್ನು ಮುಂದಿನ ತಲೆಮಾರಿನ ವಿದ್ಯಾರ್ಥಿಗಳು ಅಳೆಯುವಾಗ, ಎಷ್ಟು ಪ್ರಕರಣಗಳು ತಿದ್ದುಪಡಿಯಾದವೆಂದು ಎಣಿಸುವ ಮೊದಲು, ಅಂತಹ ಅಧಿಕಾರಿಗೆ ಕುಳಿತುಕೊಳ್ಳಲು ಸ್ವಂತದ ಪೀಠವೊಂದು ದೊರೆಯಿತೆ ಎಂದು ಕೇಳಬೇಕಾಗುತ್ತದೆ.