ಡ್ಯೂಟಿ ಚಾರ್ಟು ಕೊಲೆಯ ಸಾಕ್ಷಿಯಾದಾಗ

ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2022ರ ಸೆಪ್ಟೆಂಬರಿನಲ್ಲಿ ಒಂದು ವರದಿ ಹೊರತಂದಿತು. ಒಬ್ಬ ನರ್ಸಿನ ಡ್ಯೂಟಿ ಹೊತ್ತಿನಲ್ಲೇ ರೋಗಿಗಳು ಒಬ್ಬರ ಹಿಂದೊಬ್ಬರು ಸತ್ತರೆ ಅದು ಸರಣಿ ಕೊಲೆಯೋ ಕಾಕತಾಳೀಯವೋ ಎನ್ನುವುದು ಅದರ ಶೀರ್ಷಿಕೆಯಲ್ಲೇ ಇರುವ ಪ್ರಶ್ನೆ. ಬರೆದವರು ಐವರು. ಪೀಟರ್ ಗ್ರೀನ್, ರಿಚರ್ಡ್ ಗಿಲ್, ಜೂಲಿಯಾ ಮೊರ್ಟೆರಾ ಸಂಖ್ಯಾಶಾಸ್ತ್ರಜ್ಞರು. ನೀಲ್ ಮೆಕೆಂಜಿ ಸ್ಕಾಟ್ಲೆಂಡಿನ ವಕೀಲರು. ವಿಲಿಯಂ ಥಾಂಪ್ಸನ್ ಕಾನೂನು ಮತ್ತು ಮನೋವಿಜ್ಞಾನ ಎರಡನ್ನೂ ಬಲ್ಲ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕರು. ಕಾನೂನು, ವೈದ್ಯಕೀಯ, ಗಣಿತ ಮೂರೂ ಕೂಡುವ ಕಡೆ ಈಚೆಗೆ ನಡೆದ ಕೆಲಸಗಳಲ್ಲಿ ಇದರಷ್ಟು ಅಗತ್ಯವಾದದ್ದು ಕಡಿಮೆ. ಓದಿ ಮುಗಿಸಿದ ಮೇಲೂ ನನ್ನಲ್ಲಿ ಕೆಲವು ತಕರಾರುಗಳು ಉಳಿದವು. ಎರಡನ್ನೂ ಹೇಳಬೇಕು.

ವರದಿಯ ಬೆನ್ನಿಗೆ ಇಪ್ಪತ್ತು ವರ್ಷಗಳ ನೋವಿನ ಇತಿಹಾಸವಿದೆ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಸ್ವತಃ ವಕೀಲೆ. ಅವರ ಎರಡು ಹಸುಗೂಸುಗಳು ಬೇರೆ ಬೇರೆ ವರ್ಷಗಳಲ್ಲಿ ತೀರಿಕೊಂಡವು. ತಾಯಿಯೇ ಕೊಂದರೆಂಬ ಆರೋಪದ 1999ರ ವಿಚಾರಣೆಯಲ್ಲಿ ಮಕ್ಕಳ ತಜ್ಞ ರಾಯ್ ಮೆಡೋ ಒಂದು ಲೆಕ್ಕ ಮುಂದಿಟ್ಟರು. ಧೂಮಪಾನವಿಲ್ಲದ, ಅನುಕೂಲಸ್ಥ ಮನೆಯಲ್ಲಿ ಮಗು ತೊಟ್ಟಿಲಲ್ಲಿ ಕಾರಣ ತಿಳಿಯದೆ ಸಾಯುವ ಸಾಧ್ಯತೆ 8,543ರಲ್ಲಿ ಒಂದು. ಎರಡು ಮಕ್ಕಳು ಹಾಗೆ ಸಾಯುವ ಸಾಧ್ಯತೆ ಅದರ ವರ್ಗ, ಅಂದರೆ ಸುಮಾರು 7.3 ಕೋಟಿಯಲ್ಲಿ ಒಂದು. ಒಂದೇ ತಾಯಿತಂದೆ, ಒಂದೇ ವಂಶವಾಹಿ, ಒಂದೇ ಮನೆ. ಮೊದಲ ಸಾವಿಗೂ ಎರಡನೆಯದಕ್ಕೂ ಸಂಬಂಧವೇ ಇಲ್ಲವೆಂದು ಗುಣಿಸಿದ್ದು ಮೊದಲ ತಪ್ಪು. ಎರಡನೆಯದು ಇನ್ನೂ ಆಳದ್ದು. ಎರಡು ಸಹಜ ಸಾವು ಅಪರೂಪ, ನಿಜ; ಆದರೆ ತಾಯಿಯೇ ಎರಡು ಕೂಸುಗಳನ್ನು ಕೊಲ್ಲುವುದೂ ಅಪರೂಪವೇ. ಎರಡು ಅಪರೂಪಗಳಲ್ಲಿ ಯಾವುದು ಹೆಚ್ಚು ಅಪರೂಪ ಎಂದು ಯಾರೂ ಕೇಳಲಿಲ್ಲ. ಸಾಲ್ಫರ್ಡ್ ವಿಶ್ವವಿದ್ಯಾಲಯದ ಗಣಿತಜ್ಞ ರೇ ಹಿಲ್ ಆಮೇಲೆ ಕೇಳಿ, ಲೆಕ್ಕ ಹಾಕಿದರು: ಎರಡು ತೊಟ್ಟಿಲ ಸಾವುಗಳ ಸಾಧ್ಯತೆ ಎರಡು ಕೊಲೆಗಳಿಗಿಂತ ನಾಲ್ಕೂವರೆಯಿಂದ ಒಂಬತ್ತು ಪಟ್ಟು ಹೆಚ್ಚು. 2001ರಲ್ಲಿ ಸೊಸೈಟಿಯೇ ಆ 7.3 ಕೋಟಿಯ ಲೆಕ್ಕಕ್ಕೆ ಬುಡವಿಲ್ಲವೆಂದು ಬಹಿರಂಗ ಹೇಳಿಕೆ ಕೊಟ್ಟಿತು. ಒಂದು ಮಗುವಿನ ದೇಹದಲ್ಲಿ ಸೋಂಕಿದ್ದುದನ್ನು ತೋರಿಸುವ ಪರೀಕ್ಷಾ ಫಲಿತಾಂಶ ಪ್ರತಿವಾದಿಗಳ ಕೈಗೆ ಸಿಕ್ಕಿರಲೇ ಇಲ್ಲ ಎಂಬುದೂ ಹೊರಬಂದು, ಅಪರಾಧಿಯೆಂದು ಜೈಲು ಸೇರಿದ್ದ ತಾಯಿಗೆ 2003ರ ಜನವರಿಯಲ್ಲಿ ಬಿಡುಗಡೆಯಾಯಿತು. 2007ರಲ್ಲಿ ಸ್ಯಾಲಿ ಕ್ಲಾರ್ಕ್ ತೀರಿಕೊಂಡರು.

ಹೆಚ್ಚಿನವರು ಈ ಕಥೆಯನ್ನು ಗುಣಾಕಾರದ ತಪ್ಪಿನ ಕಥೆಯೆಂದೇ ನೆನಪಿಟ್ಟಿದ್ದಾರೆ. ಕಾಲೇಜುಗಳಲ್ಲಿ ಪಾಠವಾಗುವುದೂ ಹಾಗೆಯೇ. 2022ರ ವರದಿಯ ದೊಡ್ಡತನ ಇರುವುದು ಇಲ್ಲಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗುವುದರಲ್ಲಿ. ಲೆಕ್ಕ ಶುರುವಾಗುವ ಮೊದಲೇ, ಯಾವುದನ್ನು ಎಣಿಸಬೇಕು ಎಂದು ಯಾರೋ ನಿರ್ಧರಿಸಿರುತ್ತಾರೆ. ಅನ್ಯಾಯದ ಬೀಜ ಬೀಳುವುದು ಅಲ್ಲಿ ಎನ್ನುವುದು ವರದಿಯ ತಿರುಳು.

ಇದು ಅರ್ಥವಾಗಬೇಕಾದರೆ ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯ ನರ್ಸ್ ಲೂಸಿಯಾ ಡೆ ಬರ್ಕ್ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. 2001ರ ಸೆಪ್ಟೆಂಬರಿನಲ್ಲಿ ಒಂದು ಮಗು ಸತ್ತಿತು. ಲೂಸಿಯಾ ಡ್ಯೂಟಿಯಲ್ಲಿದ್ದರು. ಅನುಮಾನ ಹುಟ್ಟಿತು, ಹಳೆಯ ಕೇಸ್ ಶೀಟುಗಳನ್ನು ತಿರುವಿ ಹಾಕಿದರು, ಒಂದು ಪಟ್ಟಿ ತಯಾರಾಯಿತು. ಪಟ್ಟಿಯ ಪ್ರಕಾರ ವಾರ್ಡಿನ ಒಟ್ಟು ಪಾಳಿಗಳು 1,029. ಲೂಸಿಯಾ ಮಾಡಿದ್ದು 142, ಸುಮಾರು ಏಳರಲ್ಲಿ ಒಂದು ಪಾಲು. ಅನುಮಾನಾಸ್ಪದ ಘಟನೆಗಳು 8. ಎಂಟಕ್ಕೆ ಎಂಟೂ ಅವರ ಪಾಳಿಯಲ್ಲೇ. ಹೀಗೆ ಬರೆದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಆದರೆ ಆ 8 ಎಲ್ಲಿಂದ ಬಂತು? ಒಂದು ಘಟನೆ ಅನುಮಾನಾಸ್ಪದ ಎನ್ನಲು ಮೊದಲೇ ಗೊತ್ತುಮಾಡಿದ ಲಕ್ಷಣಗಳಿರಲಿಲ್ಲ. ಹುಡುಕುವವರಿಗೆ ಲೂಸಿಯಾ ಯಾವ ದಿನ ಡ್ಯೂಟಿಯಲ್ಲಿದ್ದರೆಂದು ಗೊತ್ತಿತ್ತು. ಅವರಿದ್ದಾಗ ನಡೆದದ್ದು ವಿಚಿತ್ರವಾಗಿ ಕಂಡಿತು, ಇಲ್ಲದಾಗ ನಡೆದದ್ದು ಸಹಜವಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವರು ಆ ವಾರ್ಡಿಗೆ ಬರುವ ಮುಂಚಿನ ಮೂರು ವರ್ಷಗಳಲ್ಲಿ ಅಲ್ಲಿ 7 ಸಾವುಗಳಾಗಿದ್ದವು. ಅವರಿದ್ದ ಮೂರು ವರ್ಷಗಳಲ್ಲಿ 6. ಸರಣಿ ಕೊಲೆಗಾರ್ತಿ ಸೇರಿಕೊಂಡ ವಾರ್ಡಿನಲ್ಲಿ ಸಾವು ಕಡಿಮೆಯಾಗುತ್ತದೆಯೇ ಎಂಬ ಸರಳ ಪ್ರಶ್ನೆ ವಿಚಾರಣೆಯ ವೇಳೆ ಯಾರ ಬಾಯಿಂದಲೂ ಗಟ್ಟಿಯಾಗಿ ಬರಲಿಲ್ಲ.

ಆಮೇಲೆ ಬಂತು ಗಣಿತ. ಲೂಸಿಯಾ ಕೆಲಸ ಮಾಡಿದ ಮೂರು ವಾರ್ಡುಗಳಿಗೂ ತಜ್ಞರು ಬೇರೆ ಬೇರೆ ಸಂಭವನೀಯತೆ ಕಂಡುಹಿಡಿದು ಮೂರನ್ನೂ ಗುಣಿಸಿಬಿಟ್ಟರು. ಉತ್ತರ 34.2 ಕೋಟಿಯಲ್ಲಿ ಒಂದು. ಹೀಗೆ ಗುಣಿಸುವುದರಲ್ಲಿ ಏನು ತಪ್ಪೆಂದು ನೋಡಲು ಕಾಗದ ಪೆನ್ಸಿಲ್ ಸಾಕು. ಒಬ್ಬ ನಿರಪರಾಧಿ ನರ್ಸ್ ಇಪ್ಪತ್ತು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದಾಳೆ ಅನ್ನಿ. ಪ್ರತಿ ಕಡೆಯೂ ಅವಳ ದಾಖಲೆ ತೀರಾ ಸಾಧಾರಣ, ಆಗಬಹುದು ಆಗದಿರಬಹುದು ಎನ್ನುವಂಥ ಅರ್ಧ ಸಂಭವನೀಯತೆಯದು. ಅರ್ಧವನ್ನು ಇಪ್ಪತ್ತು ಸಲ ಗುಣಿಸಿದರೆ ಹತ್ತು ಲಕ್ಷಕ್ಕೂ ಮಿಕ್ಕಿದ್ದರಲ್ಲಿ ಒಂದು ಎಂದು ಬರುತ್ತದೆ. ಕೆಲಸ ಬದಲಾಯಿಸಿದ್ದಕ್ಕೇ ಆಕೆ ಕೊಲೆಗಾರ್ತಿ! ಗಿಲ್ ಮತ್ತು ಸಂಗಡಿಗರು ಇದನ್ನು ಸರಿಪಡಿಸಿ, ನರ್ಸಿಂದ ನರ್ಸಿಗೆ ಇರುವ ಸಹಜ ವ್ಯತ್ಯಾಸವನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಕೋಟಿಗಳಲ್ಲಿದ್ದ ಸಂಖ್ಯೆ ಹತ್ತುಗಳಿಗೆ ಇಳಿಯಿತು. ನಾಡಿನಲ್ಲಿ ಸಾವಿರಾರು ನರ್ಸುಗಳಿರುವಾಗ ಅಂಥದು ಪ್ರತಿ ವರ್ಷ ಯಾರಿಗಾದರೂ ಆಗಿಯೇ ಆಗುತ್ತದೆ.

ವಿಮರ್ಶಕರು ಸಾಮಾನ್ಯವಾಗಿ ದಾಟಿಹೋಗುವ ಸಂಗತಿಯೊಂದು ಈ ಪ್ರಕರಣದಲ್ಲಿದೆ. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ತಾನು ಸಂಭವನೀಯತೆಯ ಲೆಕ್ಕವನ್ನು ಆಧಾರವಾಗಿ ತೆಗೆದುಕೊಂಡಿಲ್ಲ ಎಂದೇ ಹೇಳಿತು. ಆದರೂ ಜೀವಾವಧಿ ಶಿಕ್ಷೆ ಖಾಯಂ ಆಯಿತು. ಒಂದೆರಡು ಸಾವು ಕೊಲೆಯೆಂದು ಖಚಿತವಾದರೆ ಉಳಿದವಕ್ಕೆ ಅಷ್ಟು ಗಟ್ಟಿ ಪುರಾವೆ ಬೇಡ ಎಂಬ ಸರಪಳಿ ತರ್ಕ ಕೆಲಸ ಮಾಡಿತ್ತು. ಸಂಖ್ಯೆಯನ್ನು ಬಾಗಿಲಾಚೆ ಕಳಿಸಿದರೂ ಅದು ಹುಟ್ಟಿಸಿದ ನಂಬಿಕೆ ಒಳಗೇ ಕುಳಿತಿತ್ತು. 2006ರಲ್ಲಿ ಜೈಲಿನಲ್ಲೇ ಲೂಸಿಯಾಗೆ ಪಾರ್ಶ್ವವಾಯು ಬಡಿಯಿತು. ವಿಜ್ಞಾನದ ತತ್ತ್ವಶಾಸ್ತ್ರಜ್ಞ ಟಾನ್ ಡೆರ್ಕ್ಸೆನ್ ಮತ್ತು ಅವರ ಸಹೋದರಿ, ವೈದ್ಯೆ ಮೆಟಾ ಡೆ ನೋ, ಹಟ ಹಿಡಿದು ಬೆನ್ನು ಹತ್ತಿದ್ದರಿಂದ ಪ್ರಕರಣ ಮತ್ತೆ ತೆರೆಯಿತು. 2010ರ ಏಪ್ರಿಲ್ 14ರಂದು ಅವರು ನಿರ್ದೋಷಿ ಎಂದು ತೀರ್ಪಾಯಿತು.

ಇಟಲಿಯ ಡ್ಯಾನಿಯೆಲಾ ಪೊಜ್ಜಾಲಿಯದೂ ಇದೇ ಜಾಡು. ಲೂಗೋ ಪಟ್ಟಣದ ಈ ನರ್ಸ್‌ಗೆ 2016ರಲ್ಲಿ ಜೀವಾವಧಿಯಾಗಿ, ಮೇಲೆ ಕೆಳಗೆ ತಿರುಗಿ ತಿರುಗಿ 2021ರಲ್ಲಿ ಬಿಡುಗಡೆಯಾಯಿತು. ಆ ಪ್ರಕರಣದ ಲೆಕ್ಕಾಚಾರವನ್ನು ಮೊರ್ಟೆರಾ ಮತ್ತು ಗಿಲ್ ಸಂಶೋಧನಾ ಪ್ರಬಂಧವಾಗಿಯೂ ಪ್ರಕಟಿಸಿದ್ದಾರೆ. ಪಾಳಿಗಿಂತ ಮೊದಲೇ ಬಂದು ತಡವಾಗಿ ಹೋಗುವ ನರ್ಸಿನ ಹೆಸರಿಗೆ ಹೆಚ್ಚು ಸಾವುಗಳು ಬೀಳುತ್ತವೆ ಎಂಬ ಮಾತು ವಾರ್ಡಿನಲ್ಲಿ ದುಡಿದ ಯಾವ ಸಿಸ್ಟರ್‌ಗೂ ಹೊಸದಲ್ಲ. ಕೋರ್ಟಿಗೆ ಹೊಸದಾಗಿತ್ತು.

ಹಾಗಾದರೆ ವರದಿ ಸೂಚಿಸುವ ದಾರಿ ಯಾವುದು? ಯಾವ ಸಾವು ಅನುಮಾನಾಸ್ಪದ ಎಂದು ತೀರ್ಮಾನಿಸುವ ವೈದ್ಯರಿಗೆ ಆ ಹೊತ್ತು ಯಾರು ಡ್ಯೂಟಿಯಲ್ಲಿದ್ದರೆಂದು ತಿಳಿಯಬಾರದು. ಲಕ್ಷಣಗಳನ್ನು ಮೊದಲೇ ಬರೆದಿಡಬೇಕು. ಸಂಖ್ಯಾಶಾಸ್ತ್ರಜ್ಞರನ್ನು ತನಿಖೆಯ ಮೊದಲ ದಿನದಿಂದಲೇ ಕರೆಯಬೇಕು. ಸಾವುಗಳು ಹೆಚ್ಚಿದ್ದರೆ ರೋಗಿಗಳ ಸ್ಥಿತಿ, ಸಿಬ್ಬಂದಿ ಕೊರತೆ, ದಾಖಲಾತಿ ನೀತಿಯ ಬದಲಾವಣೆ ಇವನ್ನೆಲ್ಲ ಮೊದಲು ನೋಡಬೇಕು. ಎಲ್ಲವೂ ಸರಿಯಾದ ಮಾತೇ. ವಕೀಲರಿಗೂ ಅರ್ಥವಾಗುವ ಭಾಷೆಯಲ್ಲಿ ಬರೆದಿದ್ದಾರೆ, ಸೂತ್ರಗಳ ಹಿಂದೆ ಅಡಗಿಕೊಂಡಿಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ಮೊದಲ ತಕರಾರು ಬರೆದವರ ಪಟ್ಟಿಯ ಬಗೆಗೇ. ಐವರಲ್ಲಿ ಹಾಸಿಗೆಯ ಪಕ್ಕ ನಿಂತು ದುಡಿದವರು ಒಬ್ಬರೂ ಇಲ್ಲ. ಅನುಭವಸ್ಥೆ ನರ್ಸಿಗೇ ಹೆಚ್ಚು ಗಂಭೀರ ಸ್ಥಿತಿಯ ರೋಗಿಗಳನ್ನು ವಹಿಸುವುದು, ಹೆಚ್ಚುವರಿ ಪಾಳಿಗೆ ಒಪ್ಪಿಕೊಳ್ಳುವವರ ಮೇಲೇ ರಾತ್ರಿ ಡ್ಯೂಟಿ ಬೀಳುವುದು, ಸಾವಿನ ಗಳಿಗೆಯನ್ನು ಬರೆಯುವಾಗ ಪಾಳಿ ಬದಲಾವಣೆಯ ಗಡಿಬಿಡಿ ಇವೆಲ್ಲ ಲೆಕ್ಕವನ್ನು ಬುಡಮೇಲು ಮಾಡಬಲ್ಲವು. ವರದಿ ಇಂಥವನ್ನು ಹೆಸರಿಸುತ್ತದೆ, ಆದರೆ ಹೊರಗಿನಿಂದ. ಮಂಗಳೂರು ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುತ್ತಿರುವ ನಮ್ಮ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಒಬ್ಬರನ್ನು ಕೂರಿಸಿ ಕೇಳಿದ್ದರೂ ಈ ಅಧ್ಯಾಯ ಬೇರೆಯೇ ಆಗುತ್ತಿತ್ತು.

ಎರಡನೆಯದು ಇನ್ನೂ ಮುಖ್ಯ. ನಿಜವಾದ ಕೊಲೆಗಾರರೂ ಇದ್ದಾರೆ. ಇಂಗ್ಲೆಂಡಿನ ಹೈಡ್ ಪಟ್ಟಣದ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ಕನಿಷ್ಠ 215 ರೋಗಿಗಳನ್ನು ಕೊಂದನೆಂದು ಜ್ಯಾನೆಟ್ ಸ್ಮಿತ್ ವಿಚಾರಣಾ ಆಯೋಗ ಕಂಡುಕೊಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ರೂಪಿಸಿದ ಅನುಕ್ರಮ ಪರೀಕ್ಷೆಯನ್ನು ಅವನ ರೋಗಿಗಳ ಸಾವುಗಳಿಗೆ ಅನ್ವಯಿಸಿ, ಬಹಳ ವರ್ಷ ಮೊದಲೇ ಎಚ್ಚರಿಕೆಯ ಗಂಟೆ ಬಾರಿಸಬಹುದಿತ್ತು ಎಂದು ಡೇವಿಡ್ ಸ್ಪೀಗೆಲ್‌ಹಾಲ್ಟರ್ ಮತ್ತು ಸಂಗಡಿಗರು ತೋರಿಸಿದರು. ಅದೇ ಗಂಟೆ ಇನ್ನೊಬ್ಬ ವೈದ್ಯರ ಮೇಲೂ ಬಾರಿಸಿತು. ಹೋಗಿ ನೋಡಿದರೆ ಅವರಿದ್ದದ್ದು ವೃದ್ಧರೇ ತುಂಬಿದ ಕಡಲ ತೀರದ ಊರು. ಕೊನೆಯ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆಯಲು ಇಷ್ಟಪಡದ ರೋಗಿಗಳನ್ನು ಅವರವರ ಮನೆಯಲ್ಲೇ ಕಾಳಜಿಯಿಂದ ನೋಡಿಕೊಳ್ಳುತ್ತಿದ್ದ ಒಳ್ಳೆಯ ವೈದ್ಯರವರು. ಅಂಕಿಅಂಶ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗದು. 2022ರ ವರದಿ ತಪ್ಪು ಆರೋಪದ ಭಯದಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಆಸ್ಪತ್ರೆಯ ಆಡಳಿತ ಯಾವಾಗ, ಎಷ್ಟರ ಮಟ್ಟಿಗೆ ಎಚ್ಚೆತ್ತುಕೊಳ್ಳಬೇಕು ಎಂಬ ಪ್ರಶ್ನೆಗೆ ಅದರಲ್ಲಿ ತೃಪ್ತಿಯಾಗುವ ಉತ್ತರವಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರೂ ನ್ಯಾಯದ ಕಕ್ಷಿದಾರರೇ ಅಲ್ಲವೇ?

ವರದಿ ಬಂದ ಮರುತಿಂಗಳೇ ಅದಕ್ಕೆ ಅಗ್ನಿಪರೀಕ್ಷೆ ಎದುರಾಯಿತು. ಚೆಸ್ಟರ್ ನಗರದ ಆಸ್ಪತ್ರೆಯ ನವಜಾತ ಶಿಶು ವಿಭಾಗದ ನರ್ಸ್ ಲೂಸಿ ಲೆಟ್ಬಿಯ ವಿಚಾರಣೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಜ್ಯೂರಿಯ ಮುಂದೆ ಒಂದು ಚಾರ್ಟು ಬಂತು: ಒಂದು ಕಡೆ 25 ಘಟನೆಗಳು, ಇನ್ನೊಂದು ಕಡೆ 38 ನರ್ಸುಗಳ ಹೆಸರು, ಲೆಟ್ಬಿಯ ಕೆಳಗೆ ಮಾತ್ರ ಉದ್ದಕ್ಕೂ ಗುರುತು. ಈ ಸಲ ಯಾರೂ ಕೋಟಿಯಲ್ಲಿ ಒಂದು ಎನ್ನಲಿಲ್ಲ. ಚಾರ್ಟೇ ಅದನ್ನು ಹೇಳಿತು. ಆರೋಪಪಟ್ಟಿಗೆ ಸೇರದ ಘಟನೆಗಳು ಅದರಲ್ಲಿರಲಿಲ್ಲ. ಇನ್ಸುಲಿನ್ ಪರೀಕ್ಷೆಯಂಥ ಬೇರೆ ವೈದ್ಯಕೀಯ ಸಾಕ್ಷ್ಯಗಳೂ ಆ ವಿಚಾರಣೆಯಲ್ಲಿದ್ದವು, ಅದನ್ನು ಮರೆಮಾಚಬಾರದು. 2023ರ ಆಗಸ್ಟಿನಲ್ಲಿ ಏಳು ಕೊಲೆಗಳಿಗಾಗಿ ಅವರನ್ನು ಅಪರಾಧಿಯೆಂದು ಸಾರಲಾಯಿತು, 2024ರಲ್ಲಿ ಮೇಲ್ಮನವಿಗೆ ಅನುಮತಿ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ಕೆನಡಾದ ನವಜಾತ ಶಿಶು ತಜ್ಞ ಶೂ ಲೀ ನೇತೃತ್ವದ 14 ತಜ್ಞರ ತಂಡ ಕೊಲೆಯ ಕುರುಹು ತಮಗೆ ಕಾಣಲಿಲ್ಲವೆಂದು ಹೇಳಿತು. ಆ ಪ್ರಕರಣದಲ್ಲಿ ಸತ್ಯ ಯಾವ ಕಡೆಗಿದ್ದರೂ, ಅಂಥ ಚಾರ್ಟನ್ನು ಆಯ್ಕೆಯ ಹಿನ್ನೆಲೆ ವಿವರಿಸದೆ ಜ್ಯೂರಿಯ ಕೈಗೆ ಕೊಡಬಾರದಿತ್ತು. ವರದಿ ಇದನ್ನೇ ಹೇಳಿತ್ತು, ಕೇಳಿಸಿಕೊಳ್ಳಬೇಕಾದವರಿಗೆ ಕೇಳಲಿಲ್ಲ. ಸಲಹೆಗಳ ಹಿಂದೆ ಕಾನೂನಿನ ಬಲವಿಲ್ಲದಿದ್ದರೆ ಆಗುವುದು ಹೀಗೆಯೇ, ಮತ್ತು ಆ ಬಲವನ್ನು ಹೇಗೆ ತರಬೇಕೆಂಬ ಅಧ್ಯಾಯ ವರದಿಯಲ್ಲಿ ಸೊರಗಿದೆ.

ಆಸ್ಟ್ರೇಲಿಯಾ ಒಂದು ದಾರಿ ತೋರಿಸಿದೆ. ತನ್ನ ನಾಲ್ಕು ಮಕ್ಕಳ ಸಾವಿಗೆ ಕಾರಣಳೆಂದು 2003ರಲ್ಲಿ ಶಿಕ್ಷೆಗೊಳಗಾದ ಕ್ಯಾಥ್ಲೀನ್ ಫೋಲ್ಬಿಗ್ ಪ್ರಕರಣದಲ್ಲಿ ಕರೋಲಾ ವಿನುವೇಸಾ ಮತ್ತು ಜೊತೆಗಾರರು ಇಬ್ಬರು ಹೆಣ್ಣುಮಕ್ಕಳಲ್ಲೂ ತಾಯಿಯಲ್ಲೂ ಹೃದಯದ ಬಡಿತ ಕೆಡಿಸಬಲ್ಲ ವಂಶವಾಹಿ ವ್ಯತ್ಯಾಸವನ್ನು ಪತ್ತೆಹಚ್ಚಿದರು. ಎರಡನೇ ವಿಚಾರಣಾ ಆಯೋಗ ಕೂತಾಗ ಆಸ್ಟ್ರೇಲಿಯನ್ ಅಕಾಡೆಮಿ ಆಫ್ ಸೈನ್ಸ್ ಸ್ವತಂತ್ರ ಸಲಹೆಗಾರನಾಗಿ ಪಾಲ್ಗೊಂಡಿತು. ಯಾರನ್ನು ತಜ್ಞರೆಂದು ಕರೆಯಬೇಕು, ಅವರಿಗೆ ಏನು ಕೇಳಬೇಕು ಎಂದು ಸೂಚಿಸುವ ಕೆಲಸ ವಿಜ್ಞಾನ ಸಂಸ್ಥೆಗೆ ಸಿಕ್ಕಿತು. 2023ರ ಜೂನಿನಲ್ಲಿ ಕ್ಷಮಾದಾನ, ಡಿಸೆಂಬರಿನಲ್ಲಿ ತೀರ್ಪು ರದ್ದು.

ನಮ್ಮಲ್ಲಿ? ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಸೆಕ್ಷನ್ ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಡುತ್ತದೆ. ಅದನ್ನು ಯಾವ ಅಳತೆಗೋಲಿನಲ್ಲಿ ತೂಗಬೇಕೆಂದು ಅದು ವಿವರಿಸುವುದಿಲ್ಲ. ವೈದ್ಯಕೀಯ ನಿರ್ಲಕ್ಷ್ಯದ ಕ್ರಿಮಿನಲ್ ದೂರುಗಳಿಗೆ ಇನ್ನೊಬ್ಬ ಸಮರ್ಥ ವೈದ್ಯರ ಅಭಿಪ್ರಾಯ ಬೇಕೆಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಸಾವುಗಳ ಸಂಖ್ಯೆಯೇ ಆರೋಪದ ಬೆನ್ನೆಲುಬಾದಾಗ ಸಂಖ್ಯಾಶಾಸ್ತ್ರಜ್ಞರ ಅಭಿಪ್ರಾಯವನ್ನೂ ಹಾಗೆಯೇ ಕಡ್ಡಾಯ ಮಾಡಬೇಕು. ಈ ಸೊಸೈಟಿ 2011ರಲ್ಲಿ ಗೈ ಚಿನ್ನದ ಪದಕ ಕೊಟ್ಟ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ; ಈ ವಿದ್ಯೆ ನಮಗೆ ಪರಕೀಯವಲ್ಲ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕೇಂದ್ರವಿದೆ, ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ಜಯನಗರದ ಅಂಚಿಗೆ ನಿಮ್ಹಾನ್ಸ್. ಆಸ್ಪತ್ರೆ ಸಾವುಗಳ ತನಿಖೆಗೆ ಒಂದು ಜಂಟಿ ಸಲಹಾ ಮಂಡಳಿ ಕಟ್ಟಲು ಬೇಕಾದ ಜನರೆಲ್ಲ ಒಂದೇ ಊರಿನಲ್ಲಿದ್ದಾರೆ. ಜೊತೆಗೆ ಒಂದು ಸರ್ಕಾರಿ ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರನ್ನು ಕೂರಿಸಿಕೊಂಡು, ಯಾವ ಸಾವನ್ನು ಯಾರು, ಯಾವ ಲಕ್ಷಣ ನೋಡಿ ಅನುಮಾನಾಸ್ಪದ ಎನ್ನಬೇಕೆಂಬ ನಮೂನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸುವುದು ಆ ಮಂಡಳಿಯ ಮೊದಲ ಕೆಲಸವಾಗಬೇಕು.